ಹೆಸರು ಗೊತ್ತಾಗೂತನಕ ಕೊಲ್ಲಂಗಿಲ್ಲ

ಕೆಂಗೇರಿ ಉಪನಗರದ ಆ ಬೀದಿಯಲ್ಲಿ ಗುರುದೇವಿಯವರ ಮನೆ ಎಲ್ಲಿ ಎಂದು ಕೇಳಿದರೆ ಯಾರೂ ಹೇಳಲಾರರು. ಸಿಸ್ಟರ್ ಮನೆ ಎನ್ನಬೇಕು. ಆಗ ಹಾಲಿನ ಬೂತಿನವನೂ ಕೈ ತೋರಿಸುತ್ತಾನೆ: ಅಲ್ಲಿ, ಕೆಂಪಯ್ಯನವರ ಮನೆಯ ಕೆಳಗಿನ ಪೋರ್ಷನ್ನು, ಕಿಟಕಿಯಲ್ಲಿ ನೀಲಿ ಬೆಳಕು ಕಾಣುತ್ತದಲ್ಲ, ಅದೇ.

ಗುರುದೇವಿ ಗದಗದ ಕಡೆಯವರು. ನರ್ಸಿಂಗ್ ಓದಿ ಬೆಂಗಳೂರಿಗೆ ಬಂದು ರಾಜಾಜಿನಗರದ ಒಂದು ಖಾಸಗಿ ಆಸ್ಪತ್ರೆಯ ಡಯಾಲಿಸಿಸ್ ವಿಭಾಗದಲ್ಲಿ ಕೆಲಸಕ್ಕೆ ಸೇರಿದವರು, ನಿವೃತ್ತಿಯವರೆಗೂ ಅಲ್ಲೇ ಇದ್ದರು. ಮದುವೆ ಯಾಕೆ ಆಗಲಿಲ್ಲ ಎಂದು ಕೇಳಿದವರಿಗೆ “ಆಗ್ಲಿಲ್ಲ, ಅಷ್ಟ” ಎನ್ನುತ್ತಾರೆ. ಮುಂದಿನ ಪ್ರಶ್ನೆ ಕೇಳುವ ಧೈರ್ಯ ಯಾರಿಗೂ ಬಂದಿಲ್ಲ.

ಅವರ ಹಟ ಆಸ್ಪತ್ರೆಯಲ್ಲಿ ಹೆಸರಾಗಿತ್ತು. ಒಂದು ಬೆಳಿಗ್ಗೆ ಡಯಾಲಿಸಿಸ್ ಯಂತ್ರಗಳಿಗೆ ಬರುವ ನೀರಿನಲ್ಲಿ ಕ್ಲೋರಿನ್ ವಾಸನೆ ಇದೆ ಎಂದು ಅವರಿಗೆ ಅನಿಸಿತು. ಬೇರೆ ಯಾರಿಗೂ ವಾಸನೆ ಬರಲಿಲ್ಲ. ರೋಗಿಗಳೆಲ್ಲ ಕುರ್ಚಿಯಲ್ಲಿ ಒರಗಿ ಕಾಯುತ್ತಿದ್ದರು. ವಿಭಾಗದ ಮುಖ್ಯಸ್ಥರು ಬಂದು ಶುರು ಮಾಡಿ ಎಂದರು. ಗುರುದೇವಿ ಒಂದು ಹಾಳೆ ತಂದು ಅವರ ಮುಂದಿಟ್ಟರು. “ಈ ನೀರು ಚಲೋ ಐತಿ ಅಂತ ಬರದು ಸಹಿ ಮಾಡ್ರಿ. ಆಮ್ಯಾಲ ನಾ ಸೂಜಿ ಹಾಕ್ತೀನಿ.” ಅವರು ಸಹಿ ಮಾಡಲಿಲ್ಲ. ಪರೀಕ್ಷೆಗೆ ನೀರು ಹೋಯಿತು, ಫಿಲ್ಟರ್ ಬದಲಾಯಿತು, ಮಧ್ಯಾಹ್ನದ ಹೊತ್ತಿಗೆ ಕೆಲಸ ಶುರುವಾಯಿತು. ಗುರುದೇವಿಗೆ ಆಮೇಲೆ ಬಡ್ತಿ ಸಿಗಲಿಲ್ಲ. ಎರಡಕ್ಕೂ ಸಂಬಂಧವಿದೆಯೋ ಇಲ್ಲವೋ, ಅವರು ವಿಚಾರಿಸಲಿಲ್ಲ.

ಸಮುದ್ರದ ಹುಚ್ಚು ಹಿಡಿದದ್ದೂ ಅದೇ ವಾರ್ಡಿನಲ್ಲಿ. ಡಯಾಲಿಸಿಸ್‌ಗೆ ಬರುತ್ತಿದ್ದ ಒಬ್ಬ ರೋಗಿ ಯಂತ್ರ ಓಡುವಷ್ಟು ಹೊತ್ತೂ ತನ್ನ ಮನೆಯ ಅಕ್ವೇರಿಯಂನ ವಿಡಿಯೋ ತೋರಿಸುತ್ತಿದ್ದ. ಗುಂಡು ಗಾಜಿನಲ್ಲಿ ಕೆಂಪು ಮೀನು ತಿರುಗುವ ಅಕ್ವೇರಿಯಂ ಅಲ್ಲ. ಉಪ್ಪು ನೀರು, ಕಲ್ಲು, ಕಲ್ಲಿನ ಮೇಲೆ ಉಸಿರಾಡುವಂತೆ ಅಲುಗಾಡುವ ಹವಳಗಳು. ನೀರಿನಲ್ಲಿ ಉಪ್ಪು ಎಷ್ಟಿರಬೇಕು, ಕ್ಯಾಲ್ಸಿಯಂ ಎಷ್ಟು, ಬೈಕಾರ್ಬನೇಟ್ ಎಷ್ಟು ಎಂದು ಅವನು ವಿವರಿಸುತ್ತಿದ್ದರೆ ಗುರುದೇವಿಗೆ ನಗು ಬಂತು. “ಅಲ್ಲೋ ತಮ್ಮಾ, ನಿನ್ನ ರಕ್ತಕ್ಕ ನಾ ಮಾಡೂದೂ ಇದನ್ನ ಅಲ್ಲೇನು?” ನಿವೃತ್ತಿಯಾದ ಮೇಲೆ ಅವರು ಮಾಡಿದ ಮೊದಲ ಕೆಲಸವೆಂದರೆ ಹಾಲ್‌ನ ಗೋಡೆಗೆ ಒತ್ತಿ ನೀಲಿ ದೀಪದ ಒಂದು ಟ್ಯಾಂಕ್ ಕೂರಿಸಿದ್ದು.

ಹವಳದಲ್ಲಿ ಎರಡು ಬಗೆ. ಮೈಯೊಳಗೆ ಸುಣ್ಣದ ಗಟ್ಟಿ ಕಲ್ಲು ಕಟ್ಟಿಕೊಳ್ಳುವುದು ಒಂದು, ತೊಗಲಿನಂತೆ ಮೆತ್ತಗೆ ಇರುವುದು ಇನ್ನೊಂದು. ಗಟ್ಟಿ ಹವಳ ಇಟ್ಟುಕೊಳ್ಳಲು ನಮ್ಮ ಕಾನೂನು ಬಿಡುವುದಿಲ್ಲ ಎಂದು ತಿಳಿದು ಗುರುದೇವಿ ಮೆತ್ತನೆಯವನ್ನು ಮಾತ್ರ ಸಾಕಿದರು. ಅವು ಚೆನ್ನಾಗಿಯೇ ಬೆಳೆದವು. ಮಹಡಿ ಮೇಲಿನ ಮನೆಯೊಡತಿ, ಕೆಂಪಯ್ಯನವರ ಹೆಂಡತಿ ಲಕ್ಷ್ಮಿದೇವಮ್ಮ ಸಂಜೆ ಕಾಫಿ ಲೋಟ ಹಿಡಿದು ಕೆಳಗಿಳಿದು ಬಂದು ಟ್ಯಾಂಕಿನ ಮುಂದೆ ಕೂರುವುದು ರೂಢಿಯಾಯಿತು. ಟಿವಿ ಸೀರಿಯಲ್‌ಗಿಂತ ಇದು ವಾಸಿ, ಯಾರೂ ಅಳಲ್ಲ ಎಂಬುದು ಅವರ ಅಭಿಪ್ರಾಯ.

ವಿಜಯನಗರದಲ್ಲಿ ಸೇತುರಾಮ ಎಂಬವನ ಅಕ್ವೇರಿಯಂ ಅಂಗಡಿ ಇದೆ. ಉಪ್ಪು ನೀರಿನ ಟ್ಯಾಂಕ್ ಸಾಕುವ ಈ ಭಾಗದವರೆಲ್ಲ ಸೇರಿರುವ ವಾಟ್ಸಾಪ್ ಗ್ರೂಪಿಗೆ ಅವನೇ ಅಡ್ಮಿನ್. ನಲವತ್ತರ ಆಸುಪಾಸಿನ ಮನುಷ್ಯ, ಹತ್ತಾರು ವರ್ಷದ ಅನುಭವ, ಮಾತು ಸ್ವಲ್ಪ ಜೋರು. ಕಳೆದ ಮಳೆಗಾಲದಲ್ಲಿ ಗುರುದೇವಿ ಅವನ ಅಂಗಡಿಯಿಂದ ಮೆತ್ತನೆಯ ಹವಳವೊಂದು ಅಂಟಿದ್ದ ಕಲ್ಲು ತಂದು ಟ್ಯಾಂಕಿನ ಮೂಲೆಯಲ್ಲಿಟ್ಟರು. ಕೆಲವು ವಾರಗಳ ಮೇಲೆ ಗಾಜು ಒರೆಸುತ್ತಿರುವಾಗ ಆ ಕಲ್ಲಿನ ಅಡಿಯಲ್ಲಿ, ಬೆಳಕು ಬೀಳದ ಜಾಗದಲ್ಲಿ, ಏನೋ ಬೆಳ್ಳಗೆ ಕಂಡಿತು. ಎಳ್ಳು ಕಾಳಿನಷ್ಟು ಸಣ್ಣ ಬಿಳಿ ನಕ್ಷತ್ರಗಳು, ಕೊಳವೆಯಂಥ ತೆಳ್ಳನೆಯ ಕಡ್ಡಿಯ ಮೇಲೆ ಸಾಲಾಗಿ ಕೂತಿದ್ದವು. ಅವರು ತಂದಿದ್ದು ಅದನ್ನಲ್ಲ. ಕಲ್ಲಿನ ಜೊತೆ ತಾನಾಗಿಯೇ ಬಂದದ್ದು.

ಫೋಟೋ ತೆಗೆದು ಗ್ರೂಪಿಗೆ ಹಾಕಿದರು. ಚಿತ್ರ ಮಸುಕಾಗಿತ್ತು. ಸೇತುರಾಮನ ಉತ್ತರ ತಕ್ಷಣ ಬಂತು.

“ಐಪ್ಟೇಸಿಯಾ. ಸಾಯಿಸಿ ಸಿಸ್ಟರ್. ಇವತ್ತೇ.”

ಐಪ್ಟೇಸಿಯಾ ಎಂದರೆ ಸಮುದ್ರದ ಹೂವಿನ ಜಾತಿಯ ಒಂದು ಪುಟ್ಟ ಜೀವಿ. ಹವಳ ಸಾಕುವವರಿಗೆ ಅದರ ಹೆಸರು ಕೇಳಿದರೆ ಗದ್ದೆಯವನಿಗೆ ಕಳೆಯ ಹೆಸರು ಕೇಳಿದ ಹಾಗೆ. ಒಂದು ಇದ್ದದ್ದು ನೂರಾಗುತ್ತದೆ, ಅಕ್ಕಪಕ್ಕದ ಹವಳಗಳನ್ನು ಕುಟುಕಿ ಕೊಲ್ಲುತ್ತದೆ. ಗ್ರೂಪಿನಲ್ಲಿ ಒಬ್ಬರಾದ ಮೇಲೆ ಒಬ್ಬರು ಹೌದು, ಅದೇ, ಬೇಗ ಮುಗಿಸಿ ಎಂದರು. ಹೇಗೆ ಎಂಬುದನ್ನೂ ಹೇಳಿದರು: ಸಿರಿಂಜಿನಲ್ಲಿ ನಿಂಬೆರಸ ತುಂಬಿ ಒಂದೊಂದಕ್ಕೂ ಚುಚ್ಚುವುದು.

ಚುಚ್ಚುವುದು ಗುರುದೇವಿಗೆ ಹೊಸದಲ್ಲ. ನಿಂಬೆಹಣ್ಣು ಹಿಂಡಿ, ಸೋಸಿ, ಸಿರಿಂಜಿಗೆ ಎಳೆದುಕೊಂಡು, ತೋಳು ಮಡಿಸಿ ಟ್ಯಾಂಕಿಗೆ ಕೈ ಹಾಕಿದರು. ಸೂಜಿ ಸರಿಯಾದ ಜಾಗಕ್ಕೆ ಹೋಗಲಿ ಎಂದು ಇನ್ನೊಂದು ಕೈಯಲ್ಲಿ ಭೂತಗನ್ನಡಿಯನ್ನು ಗಾಜಿಗೆ ಒತ್ತಿ ಹಿಡಿದರು.

ಹಿಡಿದು ನೋಡಿದವರು ಸೂಜಿಯನ್ನು ಹಿಂದಕ್ಕೆ ತೆಗೆದರು.

ಪ್ರತಿಯೊಂದು ನಕ್ಷತ್ರಕ್ಕೂ ಎಂಟೇ ತೋಳು. ಒಂದೊಂದು ತೋಳಿನ ಎರಡೂ ಅಂಚಿಗೆ ಹಕ್ಕಿಯ ಗರಿಯಲ್ಲಿ ಇರುವಂಥ ಸಣ್ಣ ಎಳೆಗಳು. ಅವರು ಫೋನಿನಲ್ಲಿ ಐಪ್ಟೇಸಿಯಾದ ಚಿತ್ರ ಹುಡುಕಿದರು. ಅದಕ್ಕೆ ಲೆಕ್ಕವಿಲ್ಲದಷ್ಟು ತೋಳು, ಎಲ್ಲವೂ ನುಣುಪು, ಗರಿ ಎಂಬುದೇ ಇಲ್ಲ. ಸೂಜಿಯ ತುದಿಯಿಂದ ಒಂದು ಕಡ್ಡಿಯನ್ನು ಮುಟ್ಟಿದರು. ಐಪ್ಟೇಸಿಯಾ ಮುಟ್ಟಿದರೆ ಫಟ್ಟನೆ ಬಿಲ ಸೇರುತ್ತದಂತೆ. ಇದು ಮಾತ್ರ ಆತುರವಿಲ್ಲದೆ, ಬೆರಳು ಮಡಿಸಿದ ಹಾಗೆ, ನಿಧಾನವಾಗಿ ಮುಚ್ಚಿಕೊಂಡಿತು.

ನಿಂಬೆರಸವನ್ನು ಸಿಂಕಿಗೆ ಚೆಲ್ಲಿ ಅವರು ಗ್ರೂಪಿನಲ್ಲಿ ಬರೆದರು: “ಇದು ಅದಲ್ಲ. ಏನಂತ ಗೊತ್ತಿಲ್ಲ. ಹೆಸರು ಗೊತ್ತಾಗೂತನಕ ನಾ ಕೊಲ್ಲಂಗಿಲ್ಲ.”

ಅಂದಿನಿಂದ ಜಗಳ ಶುರುವಾಯಿತು.

ಸೇತುರಾಮ ಮೊದಲು ಫೋನು ಮಾಡಿದ, ಆಮೇಲೆ ಮನೆಗೇ ಬಂದ. ಆ ವೇಳೆಗೆ ಗುರುದೇವಿ ಇಂಟರ್‌ನೆಟ್ಟಿನಲ್ಲಿ ತಡಕಾಡಿ ತಾವೇ ಒಂದು ತೀರ್ಮಾನಕ್ಕೆ ಬಂದಿದ್ದರು. ಲವಂಗದ ಆಕಾರದ ಮೆತ್ತನೆಯ ಹವಳ ಒಂದಿದೆ, ಕ್ಲೋವ್ ಪಾಲಿಪ್ ಎನ್ನುತ್ತಾರೆ, ಅದಕ್ಕೂ ಗರಿಯಂಥ ಎಂಟು ತೋಳು. ಇದೂ ಅದೇ ಎಂದು ಗ್ರೂಪಿನಲ್ಲಿ ಘೋಷಿಸಿಯೂ ಬಿಟ್ಟಿದ್ದರು.

ಸೇತುರಾಮ ಟ್ಯಾಂಕಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಟಾರ್ಚ್ ಬಿಟ್ಟು ನೋಡಿದ. “ಸಿಸ್ಟರ್, ಕ್ಲೋವ್‌ಗೆ ಬೆಳಕು ಬೇಕು. ಅದು ಲೈಟ್ ಕೆಳಗೆ ಬೆಳೆಯುತ್ತೆ. ಇದು ಕಲ್ಲಿನ ಹೊಟ್ಟೆ ಕೆಳಗೆ ಕತ್ತಲಲ್ಲಿ ಕೂತಿದೆ. ಹೇಗೆ ಅದಾಗುತ್ತೆ?”

“ಬೆಳಕು ಸಿಕ್ಕಿಲ್ಲ, ಅದಕ್ಕ ಹಂಗ ಬೆಳ್ಳಗ ಐತಿ. ಮ್ಯಾಲ ಇಟ್ರ ಬಣ್ಣ ಬರತೈತಿ, ನೋಡ್ರಿ ಬೇಕಾರ.”

“ನಾನು ಹಿಂಗೇ ಏನೋ ಒಂದು ಇರಲಿ ಅಂತ ಬಿಟ್ಟಿದ್ದೆ ಸಿಸ್ಟರ್. ನಮ್ಮ ಮೊದಲನೇ ಟ್ಯಾಂಕು. ವರ್ಷ ತುಂಬೋದ್ರೊಳಗೆ ಒಂದು ಹವಳ ಉಳೀಲಿಲ್ಲ. ಅಷ್ಟೂ ಕಲ್ಲು ತೆಗೆದು ಟೆರೇಸ್ ಮೇಲೆ ಬಿಸಿಲಿಗೆ ಹಾಕಿದ್ದೆ.” ಅವನ ದನಿಯಲ್ಲಿ ಜೋರು ಇರಲಿಲ್ಲ. “ನಿಮಗೂ ಹಂಗಾಗೋದು ಬೇಡ ಅಂತ ಹೇಳ್ತಾ ಇದೀನಿ.”

“ನಿಮ್ಮದು ಐಪ್ಟೇಸಿಯಾ ಇತ್ತು. ಇದು ಅಲ್ಲ.”

“ಸರಿ, ಏನಾದ್ರೂ ಮಾಡ್ಕೊಳ್ಳಿ.”

ಅವನು ಹೋದ ಮೇಲೆ ಗುರುದೇವಿ ಕಲ್ಲನ್ನು ಎತ್ತಿ, ತಿರುವಿ, ಬೆಳಕಿಗೆ ನೇರವಾಗಿ ಇಟ್ಟರು. ಮರುದಿನ ಒಂದು ನಕ್ಷತ್ರವೂ ಬಿಚ್ಚಲಿಲ್ಲ. ಅದರ ಮರುದಿನವೂ ಇಲ್ಲ. ವಾರ ಕಳೆಯುವಷ್ಟರಲ್ಲಿ ಕಡ್ಡಿಗಳ ಮೇಲೆ ಹಸಿರು ಪಾಚಿ ಹತ್ತಿತು, ತುದಿಯ ಕೆಲವು ಕೊಳೆತು ಉದುರಿದವು. ಸೇತುರಾಮ ಹೇಳಿದ್ದರಲ್ಲಿ ಬೆಳಕಿನ ಮಾತು ಸರಿಯಾಗಿತ್ತು. ಗುರುದೇವಿ ಕಲ್ಲನ್ನು ಮತ್ತೆ ಮಗುಚಿ ನೆರಳಿಗೆ ಸರಿಸಿದರು. ಗ್ರೂಪಿನಲ್ಲಿ ಬರೆದದ್ದು ಎರಡೇ ಮಾತು: “ಕ್ಲೋವ್ ಅಲ್ಲ. ನಂದು ತಪ್ಪಾತು.”

ನಗುವ ಮುಖಗಳು ಸಾಲುಗಟ್ಟಿ ಬಂದವು. ಯಾರೋ ಒಬ್ಬ, ಹಾಗಾದರೆ ಈಗಲಾದರೂ ನಿಂಬೆಹಣ್ಣು ಕೊಯ್ಯಿರಿ ಆಂಟಿ ಎಂದ.

ಬೆಳಕು ತಿನ್ನದ ಜೀವ ಬೇರೆ ಏನನ್ನಾದರೂ ತಿನ್ನಲೇಬೇಕಲ್ಲ ಎಂದು ಅವರು ಯೋಚಿಸಿದರು. ಮೀನುಮರಿಗಳಿಗೆ ಹಾಕುವ ಸೀಗಡಿಯ ಮೊಟ್ಟೆಗಳನ್ನು ಬಾಟಲಿಯಲ್ಲಿ ಉಪ್ಪು ನೀರು ಹಾಕಿ ಮರಿ ಮಾಡಿಸಿ, ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಆ ಮರಿಗಳನ್ನು ಅದೇ ಸಿರಿಂಜಿನಲ್ಲಿ, ಈ ಸಲ ಸೂಜಿಯಿಲ್ಲದೆ, ಕಲ್ಲಿನ ಅಡಿಗೆ ಮೆಲ್ಲಗೆ ಊದಿದರು. ಉಳಿದಿದ್ದ ನಕ್ಷತ್ರಗಳು ಒಂದೊಂದಾಗಿ ಬಿಚ್ಚಿಕೊಂಡು ಗರಿಗಳನ್ನು ಒಳಕ್ಕೆ ಮಡಿಸಿದವು. ತಿನ್ನುತ್ತಿದ್ದವು.

“ಲಕ್ಷ್ಮಿದೇವಮ್ಮಾರ, ಬರ್ರಿ ಇಲ್ಲಿ!” ಎಂದು ಅವರು ಕೂಗಿದ್ದು ಮಹಡಿಗೆ ಕೇಳಿಸಿತು.

ಲಕ್ಷ್ಮಿದೇವಮ್ಮ ಬಂದು ಬಗ್ಗಿ ನೋಡಿದರು. “ಅಯ್ಯೋ, ಮಲ್ಲಿಗೆ ಮೊಗ್ಗು ಇದ್ದಂಗಿದೆ ಕಣ್ರೀ. ಅಲ್ಲಾ ಸಿಸ್ಟರ್, ಇಷ್ಟಕ್ಕೆ ಯಾಕೆ ಇಷ್ಟು ಜನರ ಹತ್ರ ಜಗಳ? ಕಿತ್ತು ಬಿಸಾಕಿದ್ರೆ ಮುಗೀತು.”

“ಯಾರು ಏನು ಅಂತ ಗೊತ್ತಿಲ್ದ ಕಿತ್ತು ಬಿಸಾಕೂದು ಸರಿ ಏನ್ರೀ?”

ಲಕ್ಷ್ಮಿದೇವಮ್ಮ ಕಾಫಿ ಲೋಟ ಹಿಡಿದುಕೊಂಡೇ ಕುರ್ಚಿ ಎಳೆದುಕೊಂಡರು. ಕಾಫಿ ಆರುವವರೆಗೂ ನೋಡುತ್ತಾ ಕೂತಿದ್ದರು.

ಅದಾದ ಮೇಲೆ ಸೇತುರಾಮ ಗ್ರೂಪಿನಲ್ಲಿ ಒಂದು ನಿಯಮ ಹಾಕಿದ. ಗೊತ್ತಿಲ್ಲದ ಕಳೆ ಇಟ್ಟುಕೊಂಡವರ ಟ್ಯಾಂಕಿನಿಂದ ಯಾರೂ ಹವಳದ ತುಂಡು ತೆಗೆದುಕೊಳ್ಳಬಾರದು, ಕೊಡಲೂಬಾರದು. ಹೆಸರು ಹೇಳಿರಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಗುರುದೇವಿ ಕೇಳಿದರು: “ನನ್ನ ಬಗ್ಗೆ ಅಂದ್ರ ನನ್ನ ಹೆಸರು ಬರೀರಿ.” ಅವನು ಬರೆಯಲಿಲ್ಲ. “ಹಂಗಾರ ನಾನ ಹೋಗ್ತೀನಿ” ಎಂದು ಬರೆದು ಅವರು ಗ್ರೂಪಿನಿಂದ ಹೊರಬಿದ್ದರು.

ಹೊರಬಿದ್ದ ಮೇಲೆ ಅವರನ್ನು ಬೇರೆ ಒಂದು ಚಿಂತೆ ಹಿಡಿಯಿತು. ಇದು ಒಂದು ವೇಳೆ ಗಟ್ಟಿ ಹವಳದ ಜಾತಿಯಾಗಿದ್ದರೆ? ಹಾಗಿದ್ದರೆ ಮನೆಯಲ್ಲಿ ಇಟ್ಟುಕೊಳ್ಳುವುದೇ ತಪ್ಪು, ಅರಣ್ಯ ಇಲಾಖೆಗೆ ಒಪ್ಪಿಸಬೇಕು. ಒಪ್ಪಿಸಲು ಅವರು ಸಿದ್ಧರಿದ್ದರು. ಆದರೆ ಅದಕ್ಕೂ ಮೊದಲು ಹೆಸರು ಬೇಕು.

ಒಂದು ಬೆಳಿಗ್ಗೆ ಕಡ್ಡಿಯ ತುದಿಯನ್ನು ಕತ್ತರಿಸಿ ಉಪ್ಪು ನೀರಿನ ಬಾಟಲಿಗೆ ಹಾಕಿ, ಬಾಟಲಿಗೆ ಒದ್ದೆ ಬಟ್ಟೆ ಸುತ್ತಿ, ಮೆಟ್ರೋ ಹತ್ತಲು ಹೊರಟರು. ಸ್ಟೇಷನ್ನಿನಲ್ಲಿ ಬ್ಯಾಗು ತಪಾಸಣೆ ಮಾಡುವ ಹುಡುಗಿ ತಡೆದಳು.

“ಮೇಡಂ, ಬಾಟಲ್‌ನಲ್ಲಿ ಏನಿದು?”

“ಹವಳ.”

“ಹವಳಾನಾ? ಉಂಗುರಕ್ಕೆ ಹಾಕ್ತಾರಲ್ಲ, ಅದಾ?”

“ಅದರ ಸಂಬಂಧಿ. ಇದು ಜೀವಂತ ಐತಿ. ಬೇಗ ಬಿಡವಾ, ನೀರು ಬಿಸಿ ಆಗ್ತೈತಿ.”

ಹುಡುಗಿ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ, ಏನೂ ಕಾಣದೆ, ವಾಪಸ್ ಕೊಟ್ಟಳು.

ಜ್ಞಾನಭಾರತಿಯಲ್ಲಿ ಇಳಿದು, ಕ್ಯಾಂಪಸ್ಸಿನ ಮರಗಳ ನಡುವೆ ದಾರಿ ಕೇಳುತ್ತಾ ಪ್ರಾಣಿಶಾಸ್ತ್ರ ವಿಭಾಗ ತಲುಪಿದರು. ಗುರುತು ಪರಿಚಯ ಯಾರದೂ ಇಲ್ಲ. ಕಾರಿಡಾರಿನಲ್ಲಿ ಸಿಕ್ಕವರಿಗೆಲ್ಲ ಬಾಟಲಿ ತೋರಿಸಿದರು. ಇಲ್ಲಿ ಸಮುದ್ರದ ಪ್ರಾಣಿ ನೋಡುವವರಿಲ್ಲ ಎಂದರು ಒಬ್ಬರು, ಸೋಮವಾರ ಬನ್ನಿ ಎಂದರು ಇನ್ನೊಬ್ಬರು. “ಸೋಮವಾರತನಕ ಇದು ಬಾಟಲ್ಯಾಗ ಬದುಕಂಗಿಲ್ರೀ” ಎಂದು ಗುರುದೇವಿ ದನಿ ಏರಿಸಿದಾಗ ಒಂದು ಬಾಗಿಲಿನಿಂದ ಕನ್ನಡಕದ ಹುಡುಗಿಯೊಬ್ಬಳು ತಲೆ ಹೊರಹಾಕಿದಳು.

“ನೀವು ಎಲ್ಲಿಯವ್ರು ಆಂಟಿ? ನಾ ಬಾಗಲಕೋಟಿಯಾಕಿ.”

ಅವಳ ಹೆಸರು ಚೇತನಾ. ಸಂಶೋಧನೆ ಮಾಡುತ್ತಿದ್ದಳು, ಆದರೆ ಅವಳ ವಿಷಯ ಕೆರೆಗಳ ಬಸವನಹುಳು. ಹವಳವನ್ನು ಪುಸ್ತಕದಲ್ಲಿ ಬಿಟ್ಟರೆ ಕಂಡವಳಲ್ಲ. ಹಾಗೆಂದು ಮೊದಲೇ ಹೇಳಿ, ಗುರುದೇವಿಯವರ ಕಾನೂನಿನ ಚಿಂತೆಯನ್ನೂ ಕೇಳಿಸಿಕೊಂಡು, ಬಾಟಲಿಯಲ್ಲಿದ್ದುದನ್ನು ಗಾಜಿನ ತಟ್ಟೆಗೆ ಸುರಿದು ಮೈಕ್ರೋಸ್ಕೋಪಿನ ಕೆಳಗಿಟ್ಟಳು. ಮೆಟ್ರೋ ಪ್ರಯಾಣಕ್ಕೆ ಮುದುಡಿದ್ದ ಅದು ಬಿಚ್ಚಿಕೊಳ್ಳಲಿ ಎಂದು ಇಬ್ಬರೂ ಕಾದರು.

“ಎಂಟು” ಎಂದಳು ಚೇತನಾ. “ಗರಿನೂ ಐತಿ. ಆಂಟಿ, ಗಟ್ಟಿ ಹವಳಕ್ಕ ತೋಳು ಆರು, ಹನ್ನೆರಡು, ಹಿಂಗ ಇರ್ತಾವು. ಇದು ಆ ಪೈಕಿ ಅಲ್ಲ. ಕೇಸು ಆಗಂಗಿಲ್ಲ, ಚಿಂತಿ ಬಿಡ್ರಿ.”

ಗುರುದೇವಿ ಸ್ಟೂಲಿನ ಮೇಲೆ ಕುಳಿತರು.

“ಹೆಸರು?”

“ಹೆಸರು ಮೈಯಾಗ ಇರ್ತೈತಿ. ಒಂದು ಚೂರು ಕರಗಿಸಬೇಕು, ನಡೀತದ?”

ಚೇತನಾ ಒಂದು ಚೂರಿನ ಮೇಲೆ ಬಟ್ಟೆಯ ಕಲೆ ತೆಗೆಯುವ ಬ್ಲೀಚ್ ಹನಿಸಿದಳು. ಮಾಂಸ ಕರಗಿಹೋಗಿ, ತಳದಲ್ಲಿ ಕೂದಲಿಗಿಂತ ಸಣ್ಣ ಮುಳ್ಳು ಕಡ್ಡಿಗಳು ಉಳಿದವು. ಮೆತ್ತನೆಯ ಹವಳಗಳಿಗೆ ಇವೇ ಮೂಳೆ, ಜಾತಿಯಿಂದ ಜಾತಿಗೆ ಇದರ ಆಕಾರ ಬೇರೆ. ಅವುಗಳ ಫೋಟೋಗಳನ್ನೂ, ಬಿಚ್ಚಿದ ನಕ್ಷತ್ರದ ಫೋಟೋವನ್ನೂ ಅವಳು ತಮಿಳುನಾಡಿನ ಕರಾವಳಿಯಲ್ಲಿ ಹವಳಗಳನ್ನೇ ಅಭ್ಯಾಸ ಮಾಡುತ್ತಿದ್ದ ತನ್ನ ಗೆಳತಿ ಕವನಾಗೆ ಕಳಿಸಿದಳು.

ಉತ್ತರ ಬಂದದ್ದು ಕೆಲವು ದಿನ ಬಿಟ್ಟು. ಅದನ್ನು ಫೋನಿನಲ್ಲಿ ಹೇಳದೆ ಚೇತನಾ ಕೆಂಗೇರಿಗೇ ಬಂದಳು.

“ಕ್ಯಾರಿಜೋವಾ ಅಂತಾರಂತ. ಮೆತ್ತನೆ ಹವಳನ. ಕತ್ತಲ್ಯಾಗ ಬೆಳೀತೈತಿ, ಬೆಳಕು ಬ್ಯಾಡ. ಕುಲ ಗೊತ್ತಾತು. ಆದ್ರ ಅದರಾಗ ಖಾಸ್ ಯಾವುದು ಅನ್ನಾಕ ಇನ್ನೂ ದೊಡ್ಡ ಪರೀಕ್ಷೆ ಬೇಕಂತ. ಇನ್ನೊಂದು ಮಾತೈತಿ ಆಂಟಿ. ಇದು ಹಡಗಿನ ತಳಕ್ಕ ಅಂಟಿಕೊಂಡು ಊರೂರು ತಿರಗತೈತಿ. ಹೋದ ಕಡೆ ಬ್ಯಾರೆ ಹವಳದ ಮ್ಯಾಲ ಹಬ್ಬಿ ಮುಚ್ಚಿಬಿಡತೈತಂತ. ಕವನಾ ಇದ್ದಲ್ಲೂ ಅದರ ಕಾಟ ಐತಂತ. ನಾ ಮುಚ್ಚಿಡಬಾರದು ಅಂತ ಹೇಳಿದೆ.”

“ಚಲೋ ಮಾಡಿದಿ” ಎಂದರು ಗುರುದೇವಿ. ಅವಳಿಗೆ ರೊಟ್ಟಿ ಬಡಿದು ಊಟಕ್ಕಿಟ್ಟರು. ತಾವು ಮಾತ್ರ ಹೆಚ್ಚು ತಿನ್ನಲಿಲ್ಲ.

ಸುದ್ದಿ ಹೇಗೋ ಸೇತುರಾಮನಿಗೆ ತಲುಪಿತು. ಮರುದಿನ ಸಂಜೆಯೇ ಅವನ ಸ್ಕೂಟರ್ ಗೇಟಿನ ಮುಂದೆ ನಿಂತಿತು. ಲಕ್ಷ್ಮಿದೇವಮ್ಮ ಆಗಷ್ಟೇ ಕಾಫಿ ಹಿಡಿದು ಕೂತಿದ್ದರು.

“ನಾನು ಮೊದಲೇ ಹೇಳ್ಲಿಲ್ವಾ ಸಿಸ್ಟರ್? ಕಳೆ ಅಂತ! ಈಗ ಯೂನಿವರ್ಸಿಟಿಯವರೂ ಅದನ್ನೇ ಹೇಳಿದ್ರಂತೆ.”

“ನೀವು ಹೇಳಿದ್ದು ಬ್ಯಾರೆ ಹೆಸರು.”

“ಹೆಸರು ಯಾವುದಾದ್ರೇನು? ಸಾಯಿಸೋದು ತಾನೇ?”

ಗುರುದೇವಿ ಎದ್ದು ನಿಂತರು. “ವಾರ್ಡಿನ್ಯಾಗ ಹಿಂಗ ಅಂದಿದ್ರ ನಾ ನಿಮ್ಮನ್ನ ಹೊರಗ ಕಳಸ್ತಿದ್ದೆ. ಹೆಸರು ತಪ್ಪಿದ್ರ ಔಷಧಾನೂ ತಪ್ಪತೈತಿ. ಇದು ಕುಟುಕಂಗಿಲ್ಲ. ತಿಂಗಳುಗಟ್ಟಲೆ ಬಾಜೂಕ ಇದ್ದ ಹವಳ ಒಂದಾದ್ರೂ ಸತ್ತೈತೇನು, ನೀವ ನೋಡ್ರಿ. ಸಮುದ್ರಕ್ಕ ಬಿಟ್ರ ಹಬ್ಬತೈತಿ, ಖರೆ. ಅದಕ್ಕ ನಾ ಬಿಡಂಗಿಲ್ಲ. ಇದಕ್ಕ ಬ್ಯಾರೆ ಟ್ಯಾಂಕ್ ಮಾಡ್ತೀನಿ. ಇದರ ನೀರಿಗೆ ಬ್ಲೀಚ್ ಹಾಕಿ ಆಮ್ಯಾಲ ಚೆಲ್ಲತೀನಿ. ಒಂದು ಚೂರೂ ಈ ಮನಿ ಹೊಸ್ತಿಲ ದಾಟಂಗಿಲ್ಲ. ಆದ್ರ ಕೊಲ್ಲೂದಿಲ್ಲ. ಇದು ನನ್ನ ಮನಿ.”

“ಮನೆ ನಮ್ದು” ಎಂದರು ಲಕ್ಷ್ಮಿದೇವಮ್ಮ ಮೂಲೆಯಿಂದ. ಇಬ್ಬರೂ ಅವರತ್ತ ತಿರುಗಿದರು. ಅವರು ಲೋಟ ಕೆಳಗಿಟ್ಟು ಸೇತುರಾಮನಿಗೆ ಹೇಳಿದರು: “ನಮ್ಮ ಮನೇಲಿ ಅದು ಇರುತ್ತೆ ಕಣಪ್ಪ. ನೀನು ಕಾಫಿ ಕುಡೀತೀಯಾ?”

ಸೇತುರಾಮ ಕಾಫಿ ಕುಡಿದ. ಹೊರಡುವಾಗ ಗುರುದೇವಿ ಬಾಗಿಲಲ್ಲಿ ನಿಲ್ಲಿಸಿ ಕೇಳಿದರು: “ಆ ಕಲ್ಲು ನಿಮ್ಮ ಅಂಗಡಿದು. ನಿಮ್ಮ ಟ್ಯಾಂಕಿನ್ಯಾಗ ಕಲ್ಲು ಎತ್ತಿ ಅಡಿಗೆ ನೋಡೀರೇನು?”

ಅವನು ನೋಡಿರಲಿಲ್ಲ. ಆ ವಾರದ ಕೊನೆಗೆ ಫೋನು ಬಂತು. ಅಂಗಡಿಯಲ್ಲಿ ಗಿರಾಕಿಗಳಿಗೆ ತೋರಿಸಲೆಂದು ಇಟ್ಟಿದ್ದ ದೊಡ್ಡ ಟ್ಯಾಂಕಿನಲ್ಲಿ, ಯಾವ ಕಾಲದಿಂದಲೋ ಅಲುಗಿಸದ ಬಂಡೆಗಳ ಅಡಿಯಲ್ಲಿ, ಬಿಳಿ ನಕ್ಷತ್ರಗಳು ದಟ್ಟವಾಗಿ ಬೆಳೆದಿದ್ದವು. ಮೇಲಿದ್ದ ಹವಳಗಳಿಗೆ ಏನೂ ಆಗಿರಲಿಲ್ಲ. ಆ ಬಂಡೆಗಳಿಂದ ಒಡೆದ ಕಲ್ಲುಗಳು ಅವನ ಅಂಗಡಿಯಿಂದ ಎಷ್ಟು ಮನೆಗಳಿಗೆ ಹೋಗಿವೆಯೋ ಅವನಿಗೇ ಗೊತ್ತಿರಲಿಲ್ಲ.

“ಏನ್ ಮಾಡ್ಲಿ ಸಿಸ್ಟರ್?” ಎಂದು ಕೇಳಿದ.

“ಗ್ರೂಪಿನ್ಯಾಗ ಹಾಕ್ರಿ. ಕಲ್ಲು ಒಯ್ದವ್ರೆಲ್ಲಾ ಅಡಿಗೆ ನೋಡ್ಲಿ. ಇಟ್ಕೊಳ್ಳಾವ್ರು ನೀರಿಗೆ ಬ್ಲೀಚ್ ಹಾಕಿ ಚೆಲ್ಲಲಿ, ಬ್ಯಾಡಾದವ್ರು ಕೆರದು ತೆಗೀಲಿ. ಕೆರೆಗೋ ಮೋರಿಗೋ ಹಾಕಬ್ಯಾಡ್ರಿ ಅನ್ರಿ.”

ಅವನು ಹಾಕಿದ. ಸರಿಯಾದ ಹೆಸರನ್ನೇ ಬರೆದ. ಅದರ ಕೆಳಗೆ, ಇದು ತನ್ನ ಅಂಗಡಿಯಿಂದಲೇ ಹರಡಿದ್ದು ಎಂದೂ ಬರೆದ. ಅಷ್ಟು ಬರೆಯುವುದು ಅವನಿಗೆ ಸುಲಭವಾಗಿರಲಿಕ್ಕಿಲ್ಲ. ಆಮೇಲೆ ಗುರುದೇವಿಯವರನ್ನು ಗ್ರೂಪಿಗೆ ಮತ್ತೆ ಸೇರಿಸಿದ. ಅವರು ಅದೇ ಗಳಿಗೆಯಲ್ಲಿ ಹೊರಬಂದರು. ಫೋನು ಮಾಡಿ ಕಾರಣ ಕೇಳಿದ್ದಕ್ಕೆ “ಒಬ್ಬಾಕೀನ ಚಲೋ ಅದೀನಿ ಬಿಡ್ರಿ. ಕೆಲಸ ಇದ್ರ ಮನಿಗೆ ಬರ್ರಿ” ಎಂದರು.

ಈಗ ಗುರುದೇವಿಯವರ ಅಡುಗೆಮನೆಯ ಪಕ್ಕದ ಸಣ್ಣ ಕೋಣೆಯಲ್ಲಿ ಲೈಟೇ ಇಲ್ಲದ ಟ್ಯಾಂಕ್ ಒಂದಿದೆ. ಅಕ್ವೇರಿಯಂಗೆ ಲೈಟ್ ಹಾಕದವರು ಬೇರೆಲ್ಲೂ ಕಾಣಸಿಗುವುದಿಲ್ಲ. ನೋಡಬೇಕೆಂದರೆ ಅವರೇ ಟಾರ್ಚಿಗೆ ಕೆಂಪು ಕಾಗದ ಸುತ್ತಿ ಹಿಡಿಯುತ್ತಾರೆ. ಬೆಳಿಗ್ಗೆ ಸಂಜೆ ಊಟ ಹಾಕುವ ಹೊತ್ತಿಗೆ ಹೋದರೆ ಕಲ್ಲಿನ ತುಂಬಾ ಬಿಳಿ ಗರಿಗಳು ಬಿಚ್ಚಿ ಮಡಿಸಿ ಬಿಚ್ಚಿ ಮಡಿಸಿ ಮಾಡುವುದು ಕಾಣುತ್ತದೆ. ಚೇತನಾ ತನ್ನ ಬಸವನಹುಳುಗಳ ನಡುವೆ ಬಿಡುವಾದಾಗ ಬಂದು ಒಂದಿಷ್ಟು ಅಳತೆ ತೆಗೆದುಕೊಂಡು ಹೋಗುತ್ತಾಳೆ. ಲಕ್ಷ್ಮಿದೇವಮ್ಮ ಮನೆಗೆ ಬಂದ ನೆಂಟರನ್ನೆಲ್ಲ ಕರೆತಂದು ತೋರಿಸುತ್ತಾರೆ, ಹೆಸರು ಹೇಳಲು ಬರದೆ “ನಮ್ಮ ಹವಳ” ಎನ್ನುತ್ತಾರೆ.

ಮೊನ್ನೆ ಬಸವೇಶ್ವರನಗರದಿಂದ ಒಬ್ಬ ಯುವಕ ಬಂದಿದ್ದ. ಒಳ್ಳೆಯ ಹೊಸ ಟ್ಯಾಂಕ್ ಮಾಡಿದ್ದಾನಂತೆ. ಬಗ್ಗಿ, ಎದ್ದು, ಮತ್ತೆ ಬಗ್ಗಿ ನೋಡಿ, “ಆಂಟಿ, ಸೂಪರ್ ಆಗಿದೆ. ಒಂದು ಚಿಕ್ಕ ಪೀಸ್ ಕೊಡ್ತೀರಾ? ಹುಷಾರಾಗಿ ನೋಡ್ಕೋತೀನಿ” ಎಂದು ಕೇಳಿದ.

“ಕೊಡಂಗಿಲ್ಲ.”

“ಒಂದೇ ಒಂದು, ಆಂಟಿ. ಇಷ್ಟೇ ಇಷ್ಟು.”

“ಇಷ್ಟೂ ಇಲ್ಲ, ಅಷ್ಟೂ ಇಲ್ಲ” ಎಂದು ಗುರುದೇವಿ ಟಾರ್ಚು ಆರಿಸಿದರು. “ನೋಡಬೇಕಂದ್ರ ದಿನಾ ಬಾ. ಈಗ ಕೂಡು, ಚಾ ಮಾಡ್ತೀನಿ.”